ಹಗುರ ಲ್ಯಾಪ್‌ಟಾಪ್, ದಿನವಿಡೀ ಬ್ಯಾಟರಿ: ಆಯ್ಕೆಗೊಂದು ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪ್ ಒಂದು ಕಿಲೋ ಆಸುಪಾಸಿನಲ್ಲಿರಬೇಕು, ಚಾರ್ಜರ್ ಬಿಟ್ಟು ಹೊರಟರೂ ಸಂಜೆವರೆಗೆ ನಡೆಯಬೇಕು. ಬೇಡಿಕೆ ಇಷ್ಟೇ. ಮಾರಾಟದ ಪುಟಗಳನ್ನು ತೆರೆದರೆ ಎಲ್ಲ ಕಂಪನಿಗಳೂ ಅದನ್ನೇ ಕೊಡುವುದಾಗಿ ಹೇಳುತ್ತವೆ. ಒಬ್ಬರದು 18 ಗಂಟೆ, ಇನ್ನೊಬ್ಬರದು 26 ಗಂಟೆ. ಈ ಗಂಟೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಯ್ಕೆ ನಿಂತಿರುವುದು ಎರಡು ಸಂಖ್ಯೆಗಳ ಮೇಲೆ. ಬ್ಯಾಟರಿಯಲ್ಲಿ ಎಷ್ಟು ವ್ಯಾಟ್-ಅವರ್ (ಕೂಡಿಟ್ಟ ವಿದ್ಯುತ್ತಿನ ಅಳತೆ) ಇದೆ ಎಂಬುದು ಒಂದು. ನಿಮ್ಮ ಕೆಲಸಕ್ಕೆ ಯಂತ್ರ ಸರಾಸರಿ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗಂಟೆ ಬರುತ್ತದೆ. 57 ವ್ಯಾಟ್-ಅವರ್ ಬ್ಯಾಟರಿ, 6 ವ್ಯಾಟ್ ಬಳಕೆ: ಒಂಬತ್ತೂವರೆ ಗಂಟೆ. ಅದೇ ಬ್ಯಾಟರಿ, 12 ವ್ಯಾಟ್ ಬಳಕೆ: ಐದು ಗಂಟೆಗೂ ಕಡಿಮೆ. ಪ್ರೊಸೆಸರ್, ಪರದೆ, ತೂಕ ಎಲ್ಲವನ್ನೂ ಈ ಭಾಗಾಕಾರದ ಮುಂದಿಟ್ಟು ನೋಡಿದರೆ ಗೊಂದಲ ಬಹುಪಾಲು ಕರಗುತ್ತದೆ.

ಹಂತ 1: ನಿಮ್ಮ ದಿನಕ್ಕೆ ಎಷ್ಟು ವ್ಯಾಟ್-ಅವರ್ ಬೇಕು?

ಚಾರ್ಜರ್ ಇಲ್ಲದೆ ಕಳೆಯುವ ಹೊತ್ತಿನಲ್ಲಿ ಏನೇನು ಮಾಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಈಚಿನ ಹಗುರ ಲ್ಯಾಪ್‌ಟಾಪ್‌ಗಳು, ಪರದೆಯ ಬೆಳಕು ಅರ್ಧದಷ್ಟಿದ್ದಾಗ, ಸುಮಾರಾಗಿ ಇಷ್ಟು ಬಳಸುತ್ತವೆ:

- ಬರವಣಿಗೆ, ಪಿಡಿಎಫ್ ಓದು, ಇಳಿಸಿಟ್ಟುಕೊಂಡ ವಿಡಿಯೊ: 3ರಿಂದ 5 ವ್ಯಾಟ್
- ಹತ್ತು ಹದಿನೈದು ಟ್ಯಾಬ್‌ಗಳ ಬ್ರೌಸರ್, ಮೇಲ್, ಚಾಟ್: 5ರಿಂದ 8 ವ್ಯಾಟ್
- ವಿಡಿಯೊ ಕಾಲ್: 9ರಿಂದ 14 ವ್ಯಾಟ್
- ಫೋಟೊ ತಿದ್ದುವುದು, ಕೋಡ್ ಕಂಪೈಲ್ ಮಾಡುವುದು: 15ರಿಂದ 28 ವ್ಯಾಟ್

ಒಂದು ಉದಾಹರಣೆ. ಐದು ಗಂಟೆ ಬ್ರೌಸರ್ ಮತ್ತು ಬರವಣಿಗೆ ಕೆಲಸಕ್ಕೆ 6 ವ್ಯಾಟ್‌ನಂತೆ 30 ವ್ಯಾಟ್-ಅವರ್. ಎರಡು ಗಂಟೆ ವಿಡಿಯೊ ಕಾಲ್‌ಗೆ 11ರಂತೆ 22. ಒಟ್ಟು 52. ಹಾಗಾದರೆ 54 ವ್ಯಾಟ್-ಅವರ್ ಬ್ಯಾಟರಿ ಸಾಕಲ್ಲವೇ? ಸಾಲದು. ಎರಡು ವರ್ಷ ಚೆನ್ನಾಗಿ ದುಡಿದ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಶೇ 85ರಷ್ಟು ಉಳಿದಿದ್ದರೆ ಅದು ಸಾಮಾನ್ಯ ಸಂಗತಿ; ಕೊನೆಯ ಶೇ 5ನ್ನು ಯಾರೂ ನೆಮ್ಮದಿಯಿಂದ ಬಳಸುವುದಿಲ್ಲ. ಆದ್ದರಿಂದ ಬಂದ ಮೊತ್ತವನ್ನು 0.8ರಿಂದ ಭಾಗಿಸಿ: 52 ಇದ್ದದ್ದು 65 ಆಗುತ್ತದೆ. ಹುಡುಕಬೇಕಾದ ಬ್ಯಾಟರಿ ಅದು. ಅಷ್ಟು ದೊಡ್ಡದು ಸಿಗದಿದ್ದರೆ ಕಡಿಮೆ ವ್ಯಾಟ್ ಎಳೆಯುವ ಯಂತ್ರ ಹುಡುಕಬೇಕು, ಇಲ್ಲವೇ ಮಧ್ಯಾಹ್ನ ಅರ್ಧ ಗಂಟೆ ಚಾರ್ಜ್ ಮಾಡುವ ಏರ್ಪಾಡು ಇರಬೇಕು.

ಪಟ್ಟಿಯಲ್ಲಿ ಎಲ್ಲರೂ ಕಡೆಗಣಿಸುವುದು ವಿಡಿಯೊ ಕಾಲನ್ನು. ಕ್ಯಾಮೆರಾ, ಮೈಕ್, ಸ್ಪೀಕರ್, ವೈಫೈ ಎಲ್ಲ ಒಟ್ಟಿಗೆ ದುಡಿಯುತ್ತವೆ. ನಿಮ್ಮ ಚಿತ್ರವನ್ನು ಎನ್‌ಕೋಡ್ ಮಾಡುತ್ತಲೇ (ಕಳಿಸಲು ಕುಗ್ಗಿಸುತ್ತಲೇ) ಹತ್ತು ಜನರ ಚಿತ್ರವನ್ನು ಡಿಕೋಡ್ ಮಾಡಬೇಕು (ಮತ್ತೆ ಬಿಚ್ಚಬೇಕು). ದಿನಕ್ಕೆ ಮೂರು ನಾಲ್ಕು ಗಂಟೆ ಮೀಟಿಂಗ್ ಇರುವವರು 45 ವ್ಯಾಟ್-ಅವರ್‌ನ ಯಂತ್ರ ಕೊಂಡರೆ ಬೇಸರ ಖಚಿತ.

ಬ್ಯಾಟರಿಯ ಗಾತ್ರವನ್ನು ಕೆಲವು ಪುಟಗಳಲ್ಲಿ ಮಿಲಿಆಂಪ್-ಅವರ್‌ನಲ್ಲಿ ಮಾತ್ರ ಕೊಟ್ಟಿರುತ್ತಾರೆ. ಅದನ್ನು ವೋಲ್ಟೇಜ್‌ನಿಂದ ಗುಣಿಸಿ 1000ದಿಂದ ಭಾಗಿಸಿ: 15.4 ವೋಲ್ಟ್, 3700 ಮಿಲಿಆಂಪ್-ಅವರ್ ಎಂದರೆ 57 ವ್ಯಾಟ್-ಅವರ್. ‘3 ಸೆಲ್’, ‘4 ಸೆಲ್’ ಎಂಬ ಮಾತಿನಿಂದ ಏನೂ ತಿಳಿಯದು. ಸೆಲ್‌ಗಳ ಗಾತ್ರ ಬೇರೆ ಬೇರೆ.

ಹಂತ 2: ತೂಕವನ್ನು ಬ್ಯಾಟರಿಯ ಜೊತೆಗಿಟ್ಟು ಓದಿ

ಲ್ಯಾಪ್‌ಟಾಪ್ ಹಗುರ ಮಾಡಲು ಅತಿ ಸುಲಭದ ದಾರಿ ಬ್ಯಾಟರಿಯನ್ನು ಚಿಕ್ಕದು ಮಾಡುವುದು. ಬ್ಯಾಟರಿ ಪ್ಯಾಕ್ ಪ್ರತಿ ವ್ಯಾಟ್-ಅವರ್‌ಗೆ ಸುಮಾರು 4ರಿಂದ 5 ಗ್ರಾಂ ತೂಗುತ್ತದೆ. 57ರ ಬದಲು 41ರ ಪ್ಯಾಕ್ ಹಾಕಿದರೆ ಉಳಿಯುವುದು ಸುಮಾರು 70 ಗ್ರಾಂ, ಹೋಗುವುದು ಎರಡೂವರೆ ಗಂಟೆಯ ಕೆಲಸ. 70 ಗ್ರಾಂ ವ್ಯತ್ಯಾಸ ಚೀಲದಲ್ಲಿ ಗೊತ್ತೇ ಆಗುವುದಿಲ್ಲ. ಎರಡೂವರೆ ಗಂಟೆ ಪ್ರತಿದಿನ ಗೊತ್ತಾಗುತ್ತದೆ.

ಎಚ್‌ಪಿ ಪೆವಿಲಿಯನ್ ಏರೋ 13 ಒಂದು ಕಿಲೋಗಿಂತ ಹಗುರ. ಅದರ ಬ್ಯಾಟರಿ 43 ವ್ಯಾಟ್-ಅವರ್. 2021ರ ಎಲ್‌ಜಿ ಗ್ರಾಮ್ 16 ತೂಗುವುದು 1.19 ಕಿಲೋ, ಬ್ಯಾಟರಿ 80 ವ್ಯಾಟ್-ಅವರ್, ಪರದೆಯೂ ಸುಮಾರು ಮೂರು ಇಂಚು ದೊಡ್ಡದು. ಸುಮಾರು 200 ಗ್ರಾಂ ಹೆಚ್ಚು ಹೊತ್ತರೆ ಹೆಚ್ಚುಕಡಿಮೆ ಎರಡು ಪಟ್ಟು ಬ್ಯಾಟರಿ. ಹೀಗಾಗಿ ತೂಕವೊಂದನ್ನೇ ನೋಡದೆ, ವ್ಯಾಟ್-ಅವರನ್ನು ಕಿಲೋದಿಂದ ಭಾಗಿಸಿ ಬರೆದಿಟ್ಟುಕೊಳ್ಳಿ. ಗ್ರಾಮ್ 16ಕ್ಕೆ 67 ಬರುತ್ತದೆ, ಏರೋ 13ಕ್ಕೆ ಸುಮಾರು 45. 55ಕ್ಕಿಂತ ಮೇಲಿದ್ದರೆ ತಯಾರಕರು ಬ್ಯಾಟರಿಗೆ ನ್ಯಾಯವಾಗಿ ಜಾಗ ಕೊಟ್ಟಿದ್ದಾರೆ ಎಂದರ್ಥ. 45ರ ಕೆಳಗಿದ್ದರೆ ಆ ಯಂತ್ರ ತೀರಾ ಮಿತವ್ಯಯಿಯಾಗಿರಬೇಕು, ಇಲ್ಲವಾದರೆ ಬಿಟ್ಟುಬಿಡಿ. ಆಪಲ್‌ನ 2025ರ ಮ್ಯಾಕ್‌ಬುಕ್ ಏರ್ 13 ಅಂಥ ಮಿತವ್ಯಯಿ: 1.24 ಕಿಲೋಗೆ 53.8 ವ್ಯಾಟ್-ಅವರ್, ಎಂದರೆ 43 ಮಾತ್ರ. ಆದರೆ ಅದರ ಎಂ4 ಚಿಪ್ ಎಳೆಯುವುದು ಬಹಳ ಕಡಿಮೆ, ಹಾಗಾಗಿ ದಿನ ಸಾಗುತ್ತದೆ. ಎರಡು ಸಂಖ್ಯೆಗಳನ್ನೂ ನೋಡಿ ಎಂದದ್ದು ಇದಕ್ಕೇ.

ಇಲ್ಲಿ ಮೋಸಹೋಗುವ ಒಂದು ಜಾಗವಿದೆ. ಒಂದೇ ಮಾದರಿಯನ್ನು ಎರಡು ಬಗೆಯ ಬ್ಯಾಟರಿಯೊಂದಿಗೆ ಮಾರುವುದು ಸಾಮಾನ್ಯ. ಜಾಹೀರಾತಿನ ‘ಇಷ್ಟು ಗ್ರಾಂನಿಂದ ಆರಂಭ’ ಎಂಬ ತೂಕ ಚಿಕ್ಕ ಬ್ಯಾಟರಿಯದು, ‘ಇಷ್ಟು ಗಂಟೆವರೆಗೆ’ ಎಂಬ ಅವಧಿ ದೊಡ್ಡ ಬ್ಯಾಟರಿಯದು. ಎರಡೂ ಒಂದೇ ಯಂತ್ರದಲ್ಲಿ ಸಿಗುವುದಿಲ್ಲ. ನೀವು ಕೊಳ್ಳುತ್ತಿರುವ ನಿರ್ದಿಷ್ಟ ಮಾದರಿ ಸಂಖ್ಯೆಯನ್ನು ತಯಾರಕರ ತಾಣದ ವಿವರಪಟ್ಟಿಯಲ್ಲಿ ಹುಡುಕಿ, ಅದರ ಎದುರಿಗಿರುವ ವ್ಯಾಟ್-ಅವರನ್ನೇ ನಂಬಿ.

ಹೊರುವ ತೂಕದಲ್ಲಿ ಚಾರ್ಜರನ್ನೂ ಸೇರಿಸಿ. ಹಳೆ ಬಗೆಯ 65 ವ್ಯಾಟ್ ಅಡಾಪ್ಟರ್ ತನ್ನ ದಪ್ಪ ತಂತಿಯೊಡನೆ 300 ಗ್ರಾಂವರೆಗೆ ತೂಗುತ್ತದೆ. ಗ್ಯಾಲಿಯಂ ನೈಟ್ರೈಡ್ ಬಳಸಿದ, ಅಂಗೈಯಲ್ಲಿ ಮುಚ್ಚಿಹೋಗುವ ಚಾರ್ಜರ್ ಅದರ ಅರ್ಧಕ್ಕಿಂತಲೂ ಕಡಿಮೆ. 150 ಗ್ರಾಂ ಇಳಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಕವಚದ ವಿಷಯ. ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.7 ಗ್ರಾಂ, ಮೆಗ್ನೀಸಿಯಂನದು 1.74. ಒಂದು ಕಿಲೋಗಿಂತ ಹಗುರವಾದ ಯಂತ್ರಗಳಲ್ಲಿ ಮೆಗ್ನೀಸಿಯಂ ಮಿಶ್ರಲೋಹ ಅಥವಾ ಕಾರ್ಬನ್ ಫೈಬರ್ ಇರುವುದು ಇದಕ್ಕೇ. ಮುಟ್ಟಿದರೆ ಪ್ಲಾಸ್ಟಿಕ್‌ನಂತೆ ಅನ್ನಿಸುತ್ತದೆ, ಒತ್ತಿದರೆ ತುಸು ಬಾಗುತ್ತದೆ. ಅದು ದೋಷವಲ್ಲ. ಆದರೆ ಕೈಗೆ ಸಿಕ್ಕಾಗ ಎರಡು ಕಡೆ ಒತ್ತಿ ನೋಡಿ. ಕೀಬೋರ್ಡಿನ ನಡುಭಾಗ ಟೈಪ್ ಮಾಡುವಾಗ ಕುಣಿಯಬಾರದು. ಮುಚ್ಚಳದ ಹಿಂಬದಿಯ ಮಧ್ಯದಲ್ಲಿ ಬೆರಳೂರಿದಾಗ ಪರದೆಯಲ್ಲಿ ಅಲೆ ಮೂಡಬಾರದು. ಮೂಡಿದರೆ ತುಂಬಿದ ಚೀಲದ ಒತ್ತಡಕ್ಕೆ ಆ ಪ್ಯಾನೆಲ್ ಬಿರುಕು ಬಿಡುವ ಸಾಧ್ಯತೆ ಹೆಚ್ಚು.

ಹಂತ 3: ಪ್ರೊಸೆಸರ್‌ನಲ್ಲಿ ವೇಗಕ್ಕಿಂತ ನಿದ್ದೆ ಮುಖ್ಯ

ಒಂದು ಪುಟ ಓದಲು ನಿಮಗೆ ಎರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ ಪ್ರೊಸೆಸರ್‌ಗೆ ಕೆಲಸವಿರುವುದು ಕೆಲವೇ ಕ್ಷಣ. ಉಳಿದ ಹೊತ್ತು ಅದು ಎಷ್ಟು ಗಾಢವಾಗಿ ಮಲಗಬಲ್ಲದು ಎಂಬುದೇ ಬ್ಯಾಟರಿಯ ಆಯಸ್ಸನ್ನು ತೀರ್ಮಾನಿಸುತ್ತದೆ. ವೇಗದ ಅಂಕಪಟ್ಟಿಗಳಲ್ಲಿ ಇದು ಕಾಣುವುದಿಲ್ಲ.

ಇಂಟೆಲ್ ಚಿಪ್‌ಗಳಲ್ಲಿ ಹೆಸರಿನ ಕೊನೆಯ ಅಕ್ಷರ ನೋಡಿ. ಕೋರ್ ಅಲ್ಟ್ರಾ 200 ಸಾಲಿನಲ್ಲಿ ‘ವಿ’, ‘ಯು’, ‘ಎಚ್’ ಮೂರೂ ಇವೆ, ಮೂರೂ ಬೇರೆ ಬೇರೆ ಜಾತಿ. 2024ರ ಸೆಪ್ಟೆಂಬರ್‌ನಲ್ಲಿ ಬಂದ ‘ವಿ’ ಚಿಪ್‌ಗಳನ್ನು ಬ್ಯಾಟರಿಗೆಂದೇ ರೂಪಿಸಲಾಗಿದೆ. ರ‍್ಯಾಮ್ (ಕೆಲಸದ ವೇಳೆ ಬಳಸುವ ತಾತ್ಕಾಲಿಕ ಸ್ಮರಣೆ) ಕೂಡ ಚಿಪ್ ಪ್ಯಾಕೇಜಿನ ಮೇಲೆಯೇ ಕೂತಿದೆ. 256ವಿ ಎಂದರೆ 16 ಜಿಬಿ, 258ವಿ ಎಂದರೆ 32 ಜಿಬಿ. ಕೊನೆಯ ಅಂಕಿ 6 ಇದ್ದರೆ 16, 8 ಇದ್ದರೆ 32. ‘ಯು’ ಸಾಧಾರಣ ಕೆಲಸಕ್ಕೆ ತಕ್ಕ ಮಿತವ್ಯಯದ ಚಿಪ್. ‘ಎಚ್’ ವೇಗಶಾಲಿ, ಆದರೆ ತೆಳು ಕವಚದೊಳಗೆ ಅದರ ಬಿಸಿ ಹೊರಹೋಗಲು ಜಾಗವಿರುವುದಿಲ್ಲ: ಕೆಲವು ಸೆಕೆಂಡ್ ಓಡಿ, ಫ್ಯಾನ್ ಕಿರುಚಿ, ಮತ್ತೆ ವೇಗ ಇಳಿಸಿಕೊಳ್ಳುತ್ತದೆ. ಒಂದು ಕಿಲೋ ಯಂತ್ರದಲ್ಲಿ ‘ಎಚ್’ ಕಂಡರೆ ವಿಮರ್ಶೆಗಳಲ್ಲಿ ಫ್ಯಾನ್ ಸದ್ದಿನ ಭಾಗವನ್ನು ಮೊದಲು ಓದಿ. ಈ ಅಕ್ಷರಗಳ ಅರ್ಥ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ, ಹಳೆ ಸೂತ್ರವನ್ನು ಹೊಸ ಚಿಪ್‌ಗೆ ಹಚ್ಚಬೇಡಿ.

ಎಎಂಡಿಯಲ್ಲಿ ಗೊಂದಲ ಅಂಕಿಗಳದ್ದು. ರೈಜನ್ 7000 ಸಾಲಿನ ನಾಲ್ಕು ಅಂಕಿಗಳಲ್ಲಿ ಮೂರನೆಯದು ಚಿಪ್‌ನ ನಿಜವಾದ ವಯಸ್ಸು ಹೇಳುತ್ತದೆ. ಝೆನ್ ಎಂಬುದು ಎಎಂಡಿಯ ಚಿಪ್ ವಿನ್ಯಾಸದ ಹೆಸರು, ಅಂಕಿ ಹೆಚ್ಚಿದಷ್ಟೂ ಹೊಸದು. 7520ಯು ಒಳಗಿರುವುದು ಝೆನ್ 2, 7730ಯು ಒಳಗೆ ಝೆನ್ 3, 7840ಯು ಒಳಗೆ ಝೆನ್ 4. ಪೆಟ್ಟಿಗೆಯ ಮೇಲೆ ಎಲ್ಲವೂ ‘7000’. ರಿಯಾಯಿತಿಯಲ್ಲಿ ಸಿಗುವ ಹಗುರ ಯಂತ್ರಗಳಲ್ಲಿ ಹಳೆ ಚಿಪ್ ಇರುವುದು ಹೆಚ್ಚು, ಅಂಥಲ್ಲಿ ಈ ಅಂಕಿಯನ್ನು ನೋಡದೆ ಮುಂದುವರಿಯಬೇಡಿ.

ಆಪಲ್ 2020ರಲ್ಲಿ ಎಂ1 ತಂದಾಗಿನಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ. ಓದು, ಬರಹ, ಮೀಟಿಂಗ್‌ಗೆ ಇದು ನಿಶ್ಶಬ್ದ ಸುಖ. ಅರ್ಧ ಗಂಟೆ ಎಡೆಬಿಡದೆ ವಿಡಿಯೊ ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಬಿಸಿಯಾಗಿ ನಿಧಾನವಾಗುತ್ತದೆ.

ಕ್ವಾಲ್‌ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ಗಳು 2024ರ ಜೂನ್‌ನಿಂದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿವೆ. ಬ್ಯಾಟರಿ ಚೆನ್ನಾಗಿದೆ, ಚಾರ್ಜರ್ ಕಿತ್ತರೂ ವೇಗ ಕುಗ್ಗುವುದಿಲ್ಲ. ತೊಡಕಿರುವುದು ತಂತ್ರಾಂಶದಲ್ಲಿ. ಇವು ಆರ್ಮ್ ಜಾತಿಯ ಚಿಪ್‌ಗಳು. ಇಂಟೆಲ್‌ಗೆಂದು ಬರೆದ ಅಪ್ಲಿಕೇಷನ್‌ಗಳನ್ನು ವಿಂಡೋಸ್ 11 ಅನುಕರಣೆಯ ಮೂಲಕ ನಡೆಸುತ್ತದೆ, ಬಹುಪಾಲು ನಡೆಯುತ್ತವೆ ಕೂಡ. ಆದರೆ ಡ್ರೈವರ್‌ಗಳಿಗೆ (ಸಾಧನಗಳನ್ನು ಯಂತ್ರಕ್ಕೆ ಹೊಂದಿಸುವ ತಂತ್ರಾಂಶ) ಅನುಕರಣೆ ಇಲ್ಲ. ಆದ್ದರಿಂದ ಹಳೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಕಚೇರಿಯ ವಿಪಿಎನ್ ಇವುಗಳಿಗೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಕನ್ನಡದಲ್ಲಿ ಬರೆಯುವವರು ಇನ್ನೊಂದು ನೋಡಿಕೊಳ್ಳಬೇಕು: ಬೇರೆಯಾಗಿ ಅಳವಡಿಸುವ ಹಳೆಯ ಕೀಲಿಮಣೆ ತಂತ್ರಾಂಶಗಳು ಆರ್ಮ್‌ಗೆ ಮರುರೂಪುಗೊಳ್ಳದಿದ್ದರೆ ಆರ್ಮ್‌ಗೆಂದೇ ಬರೆದ ಅಪ್ಲಿಕೇಷನ್‌ಗಳೊಳಗೆ ಕೆಲಸ ಮಾಡದಿರಬಹುದು. ವಿಂಡೋಸ್‌ನೊಂದಿಗೇ ಬರುವ ಕನ್ನಡ ಕೀಲಿಮಣೆಗೆ ಈ ತೊಂದರೆ ಇಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಯಂತ್ರ ಈ ಪಟ್ಟಿಗೆ ಸೇರುವುದೇ ಇಲ್ಲ. ತೂಕ, ಬಿಸಿ, ಬ್ಯಾಟರಿ ಮೂರಕ್ಕೂ ಹೊರೆ.

ಹಂತ 4: ಪರದೆ, ಎಲ್ಲಕ್ಕಿಂತ ದೊಡ್ಡ ಖರ್ಚುಗಾರ

ಹಗುರ ಕೆಲಸದಲ್ಲಿ ಪ್ರೊಸೆಸರ್‌ಗಿಂತ ಪರದೆಯೇ ಹೆಚ್ಚು ವಿದ್ಯುತ್ ನುಂಗುತ್ತದೆ. ಅಂಗಡಿಯಲ್ಲಿ ಕಣ್ಣು ಸೆಳೆಯುವುದೂ ಅದೇ, ಹೀಗಾಗಿ ತಪ್ಪು ಆಯ್ಕೆ ಆಗುವುದೂ ಇಲ್ಲೇ.

13 ಅಥವಾ 14 ಇಂಚಿಗೆ 1920 ಬೈ 1200 ಪಿಕ್ಸೆಲ್‌ಗಳ, 60 ಹರ್ಟ್ಜ್‌ನ (ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ), 400 ನಿಟ್ಸ್ ಬೆಳಕಿನ, ಹೊಳಪಿಲ್ಲದ ಐಪಿಎಸ್ (ಹಿಂದಿನ ದೀಪದಿಂದ ಬೆಳಗುವ) ಪ್ಯಾನೆಲ್: ಬ್ಯಾಟರಿ ಬೇಕೆನ್ನುವವರಿಗೆ ನಮ್ಮ ಮೊದಲ ಸಲಹೆ ಇದು. 2880 ಬೈ 1800ರ, 120 ಹರ್ಟ್ಜ್‌ನ ಓಎಲ್‌ಇಡಿ ನೋಡಲು ಎಷ್ಟೋ ಸುಂದರ. ಆದರೆ ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ, ಬಿಳಿ ಪುಟ ತೆರೆದರೆ ಎಲ್ಲ ಪಿಕ್ಸೆಲ್‌ಗಳೂ ಉರಿಯಬೇಕು. ಡಾಕ್ಯುಮೆಂಟ್, ಮೇಲ್, ಸ್ಪ್ರೆಡ್‌ಶೀಟ್ ಎಲ್ಲ ಬಿಳಿಯೇ. ಅಂಥ ಕೆಲಸದಲ್ಲಿ ಅದು ಐಪಿಎಸ್‌ಗಿಂತ ಎರಡು ವ್ಯಾಟ್ ಹೆಚ್ಚು ಎಳೆದರೂ, 5 ವ್ಯಾಟ್ ಬಳಸುತ್ತಿದ್ದ ಯಂತ್ರ 7ಕ್ಕೆ ಏರುತ್ತದೆ. 55 ವ್ಯಾಟ್-ಅವರ್ ಬ್ಯಾಟರಿಯಲ್ಲಿ 11 ಗಂಟೆ ಇದ್ದದ್ದು ಎಂಟಕ್ಕೂ ಕೆಳಗಿಳಿಯುತ್ತದೆ. ಎಲ್ಲ ಕಡೆ ಡಾರ್ಕ್ ಮೋಡ್ ಬಳಸುವವರಿಗೆ, ಹೆಚ್ಚಾಗಿ ಸಿನಿಮಾ ನೋಡುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ, ಕಪ್ಪು ಪಿಕ್ಸೆಲ್ ಆರಿಯೇ ಇರುತ್ತದೆ. ಕಡಿಮೆ ಬೆಳಕಿನಲ್ಲಿ ಓಎಲ್‌ಇಡಿ ಮಿನುಗುವುದರಿಂದ ಕೆಲವರಿಗೆ ಕಣ್ಣು, ತಲೆ ನೋಯುತ್ತದೆ. ಕೊಳ್ಳುವ ಮುನ್ನ ಬೆಳಕು ತಗ್ಗಿಸಿ ಕಾಲು ಗಂಟೆ ಓದಿ ನೋಡಿ.

ಹೊಳಪಿನ ಪರದೆಗೆ ಇನ್ನೊಂದು ಗುಪ್ತ ಖರ್ಚಿದೆ. ಕಿಟಕಿ, ದೀಪ ಎಲ್ಲ ಅದರಲ್ಲಿ ಪ್ರತಿಫಲಿಸಿ, ಓದಲು ಬೆಳಕನ್ನು ಇನ್ನಷ್ಟು ಏರಿಸಬೇಕಾಗುತ್ತದೆ. ಮ್ಯಾಟ್ ಪರದೆಯಲ್ಲಿ ಶೇ 50ರಲ್ಲಿ ಆಗುವ ಕೆಲಸಕ್ಕೆ ಇಲ್ಲಿ ಶೇ 75 ಬೇಕಾಗಬಹುದು. ಮೂರು ಬೆಲೆಯ ಮೂರು ಪರದೆಗಳೊಂದಿಗೆ ಒಂದೇ ಮಾದರಿ ಸಿಗುವಾಗ, ಅಗ್ಗದ ಪರದೆಯದೇ ಅತಿ ಹೆಚ್ಚು ಬ್ಯಾಟರಿ ಬಾಳಿಕೆ ಎಂಬುದು ಹಲವು ಬಾರಿ ನಿಜ. ಆದರೆ 300 ನಿಟ್ಸ್‌ಗಿಂತ ಮಂದವಾದದ್ದನ್ನು ಮಾತ್ರ ಒಪ್ಪಬೇಡಿ.

ಹಂತ 5: ಮುಂದೆ ಬದಲಿಸಲಾಗದ ಭಾಗಗಳು

ಹಗುರ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಎಲ್‌ಪಿಡಿಡಿಆರ್5ಎಕ್ಸ್ ರ‍್ಯಾಮ್ ನಿದ್ದೆಯಲ್ಲೂ ಕಡಿಮೆ ವಿದ್ಯುತ್ ಬಳಸುತ್ತದೆ, ಹೀಗಾಗಿ ಬೆಸುಗೆ ನಮಗೆ ಲಾಭವೂ ಹೌದು. ಆದರೆ ಇಂದು ಕೊಂಡಷ್ಟೇ ಕೊನೆವರೆಗೆ. 16 ಜಿಬಿ ಕನಿಷ್ಠ. ಐದು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ 32. 8 ಜಿಬಿ ಯಂತ್ರದಲ್ಲಿ ರ‍್ಯಾಮ್ ತುಂಬಿ ಎಸ್‌ಎಸ್‌ಡಿಗೆ (ಕಡತಗಳನ್ನು ಉಳಿಸಿಡುವ ಡ್ರೈವ್) ಹೋಗಿಬರುವ ಓಡಾಟವೇ ಬ್ಯಾಟರಿ ತಿನ್ನುತ್ತದೆ.

ಎಸ್‌ಎಸ್‌ಡಿ ಬದಲಿಸಬಹುದಾದದ್ದೇ ಎಂದು ನೋಡಿ, ಸಾಕು. ಬ್ಯಾಟರಿ ಸ್ಕ್ರೂಗಳಿಂದ ಕೂತಿದೆಯೇ ಅಂಟಿನಿಂದ ಕೂತಿದೆಯೇ ಎಂಬುದನ್ನು ಮಾತ್ರ ಖಂಡಿತ ವಿಚಾರಿಸಿ. ತಯಾರಕರು ಪ್ರಕಟಿಸುವ ದುರಸ್ತಿ ಕೈಪಿಡಿಯಲ್ಲಿ ಬ್ಯಾಟರಿ ಬದಲಿಸುವ ಪುಟ ತೆರೆದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಸೊರಗುವುದು ಖಚಿತ. ಐದಾರು ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದಾದ ಯಂತ್ರ ಆಗ ಮತ್ತೆ ಹೊಸದಾಗುತ್ತದೆ.

ಹಂತ 6: ಚಾರ್ಜಿಂಗ್

ಯುಎಸ್‌ಬಿ-ಸಿ ಪವರ್ ಡೆಲಿವರಿ (ಯುಎಸ್‌ಬಿ-ಸಿ ಪೋರ್ಟ್ ಮೂಲಕವೇ ಚಾರ್ಜ್ ಮಾಡುವ ವ್ಯವಸ್ಥೆ) ಇಲ್ಲದ ಹಗುರ ಲ್ಯಾಪ್‌ಟಾಪ್ ಕೊಳ್ಳಬೇಡಿ. ಅದಿದ್ದರೆ ಫೋನಿಗೂ ಲ್ಯಾಪ್‌ಟಾಪ್‌ಗೂ ಒಂದೇ ಚಾರ್ಜರ್ ಸಾಕು. ಎರಡೂ ಬದಿಯಲ್ಲಿ ಒಂದೊಂದು ಪೋರ್ಟ್ ಇದ್ದರೆ ತಂತಿ ಎಳೆದಾಡುವ ಕಷ್ಟವಿಲ್ಲ. ಒಂದು ಪೋರ್ಟ್ ಕೆಟ್ಟರೆ ಇನ್ನೊಂದು ಇರುತ್ತದೆ.

ಕೇಬಲ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಸಾಮಾನ್ಯ ಯುಎಸ್‌ಬಿ-ಸಿ ಕೇಬಲ್ 3 ಆಂಪಿಯರ್ ಮಾತ್ರ ಸಾಗಿಸುತ್ತದೆ. 20 ವೋಲ್ಟ್‌ನಲ್ಲಿ ಅದು 60 ವ್ಯಾಟ್. 65 ವ್ಯಾಟ್ ಚಾರ್ಜರ್ ಪೂರ್ತಿ ಶಕ್ತಿ ಕೊಡಲು 3.25 ಆಂಪಿಯರ್ ಬೇಕು, ಎಂದರೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್. ಅದರ ಮೇಲೆ 100 ಅಥವಾ 240 ವ್ಯಾಟ್ ಎಂದು ಬರೆದಿರುತ್ತದೆ. ‘ನಿಧಾನ ಚಾರ್ಜರ್’ ಎಂಬ ಎಚ್ಚರಿಕೆ ತೆರೆಯ ಮೇಲೆ ಬಂದರೆ ಚಾರ್ಜರನ್ನು ದೂರುವ ಮೊದಲು ಕೇಬಲ್ ಬದಲಿಸಿ ನೋಡಿ.

ಪವರ್ ಬ್ಯಾಂಕ್ ಬೇಕಿದ್ದರೆ ಅದರ ಮಿಲಿಆಂಪ್-ಅವರನ್ನು 3.7 ವೋಲ್ಟ್‌ನಿಂದ ಗುಣಿಸಿ. 20,000 ಎಂದರೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 60. 20 ವೋಲ್ಟ್‌ನಲ್ಲಿ ಕನಿಷ್ಠ 45 ವ್ಯಾಟ್ ಕೊಡದ ಪವರ್ ಬ್ಯಾಂಕ್ ಲ್ಯಾಪ್‌ಟಾಪ್‌ಗೆ ಅಷ್ಟಾಗಿ ಉಪಯೋಗವಿಲ್ಲ. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಸಾಮಾನ್ಯವಾಗಿ ಪ್ರತ್ಯೇಕ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಾರುಕಟ್ಟೆಯ ದೊಡ್ಡ ಪವರ್ ಬ್ಯಾಂಕ್‌ಗಳು 27,000ದ ಆಸುಪಾಸಿಗೆ ನಿಂತಿರುವುದು ಈ ನಿಯಮದಿಂದಲೇ.

ಜಾಹೀರಾತಿನ ಗಂಟೆಗಳನ್ನು ಓದುವ ಬಗೆ

‘ವಿಡಿಯೊ ಪ್ಲೇಬ್ಯಾಕ್’ ಗಂಟೆ ಎಂದರೆ ಲ್ಯಾಪ್‌ಟಾಪ್‌ನಲ್ಲೇ ಇಟ್ಟ ವಿಡಿಯೊವನ್ನು, ಬೆಳಕು ತಗ್ಗಿಸಿ, ಹಲವು ಬಾರಿ ವೈಫೈ ಕೂಡ ಆರಿಸಿ ಓಡಿಸಿದ ಗಂಟೆ. ವಿಡಿಯೊ ಬಿಚ್ಚಲು ಚಿಪ್‌ನಲ್ಲಿ ಬೇರೆಯೇ ಸರ್ಕ್ಯೂಟ್ ಇರುವುದರಿಂದ ಪ್ರೊಸೆಸರ್ ಬಹುತೇಕ ಮಲಗಿರುತ್ತದೆ. ಆಪಲ್ ತನ್ನ ಎಂ4 ಮ್ಯಾಕ್‌ಬುಕ್ ಏರ್‌ಗೆ ವಿಡಿಯೊದಲ್ಲಿ 18 ಗಂಟೆ, ವೈಫೈ ಜಾಲಾಟದಲ್ಲಿ 15 ಗಂಟೆ ಎಂದು ಎರಡನ್ನೂ ಹೇಳುತ್ತದೆ. ಇಂಥ ಎರಡನೆಯ ಸಂಖ್ಯೆ ಇದ್ದಲ್ಲಿ ಅದನ್ನೇ ಹಿಡಿಯಿರಿ. ವಿಡಿಯೊ ಗಂಟೆ ಮಾತ್ರ ಇದ್ದರೆ ಅದರ ಅರ್ಧದಿಂದ ಶೇ 60ರಷ್ಟನ್ನು ಬ್ರೌಸರ್ ಕೆಲಸಕ್ಕೆಂದು ಇಟ್ಟುಕೊಳ್ಳಿ.

ವಿಮರ್ಶೆಗಳಲ್ಲಿ ಬೆಳಕನ್ನು ಅಳೆದು ನಿಗದಿಪಡಿಸಿ ಪರೀಕ್ಷಿಸಿದವನ್ನು ನಂಬಿ. ನೋಟ್‌ಬುಕ್‌ಚೆಕ್ ತಾಣ 150 ನಿಟ್ಸ್‌ಗೆ ಹೊಂದಿಸಿ ವೈಫೈ ಜಾಲಾಟ ನಡೆಸುತ್ತದೆ, ಹಾಗಾಗಿ ಒಂದು ಯಂತ್ರವನ್ನು ಇನ್ನೊಂದರೊಂದಿಗೆ ಹೋಲಿಸಲು ಬರುತ್ತದೆ. ‘ಶೇ 50 ಬೆಳಕಿನಲ್ಲಿ ಪರೀಕ್ಷಿಸಿದೆವು’ ಎಂಬ ಮಾತಿಗೆ ಬೆಲೆ ಕಡಿಮೆ: ಒಂದು ಪರದೆಯ ಶೇ 50 ಇನ್ನೊಂದರ ಶೇ 80ಕ್ಕೆ ಸಮವಿರಬಹುದು.

ಹಂತ 7: ಮರಳಿಸುವ ಅವಧಿ ಮುಗಿಯುವ ಮುನ್ನ

ಮೊದಲ ಎರಡು ದಿನ ಬ್ಯಾಟರಿ ಬೇಗ ಇಳಿದರೆ ಗಾಬರಿ ಬೇಡ. ಅಪ್‌ಡೇಟ್, ಕಡತಗಳ ಸೂಚಿ ತಯಾರಿ, ಕ್ಲೌಡ್‌ನಿಂದ ಇಳಿಕೆ ಎಲ್ಲ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತವೆ. ಮೂರನೇ ದಿನದಿಂದ ಪರೀಕ್ಷೆ ಶುರುಮಾಡಿ.

ಬ್ಯಾಟರಿಯ ನಿಜ ಗಾತ್ರ: ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು (powercfg /batteryreport) ಎಂಟರ್ ಒತ್ತಿ. ವರದಿ ಎಲ್ಲಿ ಉಳಿದಿದೆ ಎಂದು ತೋರಿಸುತ್ತದೆ, ಅದನ್ನು ಬ್ರೌಸರ್‌ನಲ್ಲಿ ತೆರೆಯಿರಿ. ‘ಡಿಸೈನ್ ಕೆಪ್ಯಾಸಿಟಿ’ 57,000 ಮಿಲಿವ್ಯಾಟ್-ಅವರ್ ಎಂದಿದ್ದರೆ ‘ಫುಲ್ ಚಾರ್ಜ್ ಕೆಪ್ಯಾಸಿಟಿ’ 54,000ಕ್ಕಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಮೂರು ನಾಲ್ಕು ಬಾರಿ ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಏರದಿದ್ದರೆ ಯಂತ್ರ ಬದಲಿಸಿಕೊಳ್ಳಿ. ‘ಸೈಕಲ್ ಕೌಂಟ್’ ಹೊಸ ಯಂತ್ರದಲ್ಲಿ ಒಂದಂಕಿಯಲ್ಲಿರಬೇಕು. 40, 50 ಎಂದಿದ್ದರೆ ಅದು ಪ್ರದರ್ಶನಕ್ಕಿಟ್ಟಿದ್ದ ಅಥವಾ ಯಾರೋ ಬಳಸಿದ ಯಂತ್ರ. ಮ್ಯಾಕ್‌ನಲ್ಲಿ ಇದೇ ವಿವರ ಸಿಸ್ಟಮ್ ಇನ್ಫರ್ಮೇಷನ್‌ನ ಪವರ್ ವಿಭಾಗದಲ್ಲಿದೆ.

ನಿಜ ಬಳಕೆ: ತಾನಾಗಿ ಬೆಳಕು ಬದಲಿಸುವ ಸೌಲಭ್ಯ ಆರಿಸಿ, ನಿಮಗೆ ಹಿತವಾದ ಬೆಳಕಿಗೆ ಇಟ್ಟು, ಎಂದಿನ ಕೆಲಸ ಮಾಡಿ. ಶೇ 100ರಿಂದ ಅಳೆಯಬೇಡಿ, ಆರಂಭದ ಕೆಲವು ಅಂಕಗಳನ್ನು ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಶೇ 90ರಲ್ಲಿ ಗಡಿಯಾರ ನೋಡಿ, ಎರಡು ಗಂಟೆಯ ನಂತರ ಮತ್ತೆ ನೋಡಿ. 90 ಇದ್ದದ್ದು 68ಕ್ಕೆ ಬಂದಿದ್ದರೆ ಶೇ 22 ಖರ್ಚು. 57ರ ಶೇ 22 ಎಂದರೆ 12.5 ವ್ಯಾಟ್-ಅವರ್, ಎರಡು ಗಂಟೆಯಿಂದ ಭಾಗಿಸಿದರೆ ಸರಾಸರಿ ಸುಮಾರು 6.3 ವ್ಯಾಟ್. ಪೂರ್ತಿ ಬ್ಯಾಟರಿಗೆ ಒಂಬತ್ತು ಗಂಟೆ. ಹಂತ 1ರ ಹಾಳೆಯೊಂದಿಗೆ ಹೋಲಿಸಿ. ತೀರಾ ಹೆಚ್ಚಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ವಿದ್ಯುತ್ ಬಳಕೆಯ ಕಾಲಂ ನೋಡಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಕ್ಲೌಡ್ ಸಿಂಕ್, ವೈರಸ್ ಸ್ಕ್ಯಾನ್, ಜಾಹೀರಾತು ವಿಡಿಯೊ ಓಡಿಸುತ್ತಿರುವ ಯಾವುದೋ ಟ್ಯಾಬ್. ಚುಚ್ಚಿಟ್ಟು ಮರೆತ ಯುಎಸ್‌ಬಿ ಹಬ್ ಕೂಡ ಚಿಪ್ ಗಾಢ ನಿದ್ದೆಗೆ ಜಾರದಂತೆ ತಡೆಯುತ್ತದೆ. ಲಿನಕ್ಸ್ ಬಳಸುವವರಿಗೆ ಪವರ್‌ಟಾಪ್ ನೇರವಾಗಿ ವ್ಯಾಟ್ ತೋರಿಸುತ್ತದೆ.

ರಾತ್ರಿಯ ಸೋರಿಕೆ: ಮಲಗುವ ಮುನ್ನ ಶೇಕಡಾವಾರು ಬರೆದುಕೊಂಡು ಮುಚ್ಚಳ ಮುಚ್ಚಿ, ಬೆಳಿಗ್ಗೆ ನೋಡಿ. ಎಂಟು ಗಂಟೆಗೆ ಶೇ 4ರೊಳಗೆ ಇಳಿದಿದ್ದರೆ ಒಳ್ಳೆಯದು. ಶೇ 10 ದಾಟಿದರೆ ಯಂತ್ರ ಮಲಗುತ್ತಿಲ್ಲ. ಇಂದಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಫೋನಿನಂತೆ ಅರೆನಿದ್ದೆಯಲ್ಲಿರುತ್ತವೆ, ಮುಚ್ಚಿದಾಗಲೂ ಹಿನ್ನೆಲೆ ಕೆಲಸಕ್ಕೆ ಏಳಬಲ್ಲವು. ಚೀಲದಿಂದ ತೆಗೆದಾಗ ಬಿಸಿಯಾಗಿರುವುದು ಇದರಿಂದಲೇ. ಕಾರಣ ಹುಡುಕಲು ಮೊದಲಿನ ಆದೇಶದಲ್ಲೇ ಓರೆಗೆರೆಯ ನಂತರ ಸ್ಲೀಪ್‌ಸ್ಟಡಿ ಎಂದು ಬರೆಯಿರಿ (powercfg /sleepstudy), ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು. ನಿದ್ದೆ ಕೆಡಿಸಿದ್ದು ಯಾವುದೆಂದು ಹೆಸರು ಸಮೇತ ಬರುತ್ತದೆ. ಬಹುಪಾಲು ವೈಫೈ ಡ್ರೈವರ್, ಅದನ್ನು ನವೀಕರಿಸಿದರೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಮುಚ್ಚಳ ಮುಚ್ಚಿದಾಗ ನಿದ್ದೆಯ ಬದಲು ಹೈಬರ್ನೇಟ್ ಆಗುವಂತೆ (ತೆರೆದ ಕೆಲಸವನ್ನು ಎಸ್‌ಎಸ್‌ಡಿಗೆ ಬರೆದಿಟ್ಟು ಪೂರ್ತಿ ಆರುವಂತೆ) ಹೊಂದಿಸಿ. ಏಳಲು ಹತ್ತು ಹದಿನೈದು ಸೆಕೆಂಡ್ ಹೆಚ್ಚು ಬೇಕು, ಆದರೆ ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ.

ಜೊತೆಗೆ ಎರಡೂ ಪೋರ್ಟ್‌ಗಳಲ್ಲಿ ಚಾರ್ಜ್ ಆಗುತ್ತದೆಯೇ, 20 ನಿಮಿಷದ ವಿಡಿಯೊ ಕಾಲ್‌ನಲ್ಲಿ ಫ್ಯಾನ್ ಸದ್ದು ಸಹಿಸುವಂತಿದೆಯೇ, ನಿಶ್ಶಬ್ದ ಕೋಣೆಯಲ್ಲಿ ಕೀಬೋರ್ಡಿನ ಬಳಿ ಕಿವಿಯಿಟ್ಟರೆ ಕೀರಲು ಸದ್ದು ಬರುತ್ತದೆಯೇ ನೋಡಿಕೊಳ್ಳಿ.

ಹಂತ 8: ಇಟ್ಟುಕೊಂಡ ಮೇಲೆ

ಲಿಥಿಯಂ ಬ್ಯಾಟರಿಯನ್ನು ಬೇಗ ಸವೆಸುವುದು ಮುಖ್ಯವಾಗಿ ಎರಡು: ಬಿಸಿ, ಮತ್ತು ಸದಾ ಶೇ 100ರಲ್ಲಿ ನಿಲ್ಲಿಸುವುದು. ದಿನವಿಡೀ ಮೇಜಿನ ಮೇಲೆ ಚಾರ್ಜರ್‌ಗೆ ಅಂಟಿಕೊಂಡಿರುವ ಯಂತ್ರಕ್ಕೆ ಎರಡೂ ಒಟ್ಟಿಗೆ ಬಾಧಿಸುತ್ತವೆ. ತಯಾರಕರ ಅಪ್ಲಿಕೇಷನ್ ಅಥವಾ ಬಯೋಸ್‌ನಲ್ಲಿ (ಯಂತ್ರ ಆರಂಭವಾಗುವಾಗ ತೆರೆಯಬಹುದಾದ ಮೂಲ ಹೊಂದಿಕೆಗಳ ಪುಟ) ಚಾರ್ಜ್ ಮಿತಿಯನ್ನು ಶೇ 80ಕ್ಕೆ ಇಡಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100ಕ್ಕೆ ತೆರೆಯಿರಿ. ಲೆನೊವೊ ವ್ಯಾಂಟೇಜ್, ಮೈಏಸಸ್‌ನಂಥ ಅಪ್ಲಿಕೇಷನ್‌ಗಳಲ್ಲಿ ಇದು ಒಂದು ಗುಂಡಿಯ ಕೆಲಸ. 120 ಹರ್ಟ್ಜ್ ಪರದೆಯಿದ್ದರೆ ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ. ಚೀಲಕ್ಕೆ ಹಾಕುವಾಗ ಮೊದಲು ಚಾರ್ಜರ್ ಕಿತ್ತು, ನಂತರ ಮುಚ್ಚಳ ಮುಚ್ಚಿ. ವಿದ್ಯುತ್ ಇದೆಯೆಂದುಕೊಂಡೇ ಮಲಗಿದ ಯಂತ್ರ ಹಿನ್ನೆಲೆ ಕೆಲಸಗಳಲ್ಲಿ ಉದಾರವಾಗಿರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಶೇ 50ಕ್ಕೆ ತಂದು, ಪೂರ್ತಿ ಆರಿಸಿ, ತಂಪಾದ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ನೋಡಿ.

ಟ್ರ್ಯಾಕ್‌ಪ್ಯಾಡ್ ಒತ್ತಲು ಬಿಗಿಯಾಗುವುದು, ಮುಚ್ಚಳ ಪೂರ್ತಿ ಕೂಡದಿರುವುದು, ಸಮತಟ್ಟಾದ ಮೇಜಿನ ಮೇಲೆ ಯಂತ್ರ ಅಲುಗಾಡುವುದು ಒಳಗೆ ಬ್ಯಾಟರಿ ಉಬ್ಬಿರುವ ಲಕ್ಷಣ. ತೆಳು ಯಂತ್ರಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಏಕೆಂದರೆ ಒಳಗೆ ಒಂದು ಮಿಲಿಮೀಟರ್ ಕೂಡ ಬಿಡುವಿರುವುದಿಲ್ಲ. ಆ ಕ್ಷಣವೇ ಆರಿಸಿ, ಚಾರ್ಜ್ ಮಾಡಬೇಡಿ, ಒತ್ತಿ ಸರಿಪಡಿಸಲು ಹೋಗಬೇಡಿ. ದುರಸ್ತಿ ಕೇಂದ್ರಕ್ಕೆ ಒಯ್ದು ಬ್ಯಾಟರಿ ಬದಲಿಸಿ.